ಕೊಳೆರೋಗವೆಂಬ ಹೆಸರೂ ಕಾರಣನಿರ್ಣಯದ ಕ್ರಮವೂ

೧

ಹೆಸರು ದೊರೆತ ಮಾತ್ರಕ್ಕೆ ವಸ್ತುವು ತಿಳಿದಂತಾಯಿತೆಂಬ ಭ್ರಮೆಯು ಎಲ್ಲ ಶಾಸ್ತ್ರಗಳಲ್ಲಿಯೂ ಉಂಟು. ವ್ಯಾಕರಣದಲ್ಲಿ ಅದರಿಂದ ಒಂದು ಸೂತ್ರದ ಅರ್ಥವು ಕೆಡಬಹುದು. ಬೆಳೆಯ ರೋಗದ ವಿಷಯದಲ್ಲಿಯಾದರೋ ಒಂದು ವರ್ಷದ ಫಸಲೇ ಕೆಡುವುದು. ಕನ್ನಡದ “ಕೊಳೆರೋಗ”ವೆಂಬ ಪದವು ಇದಕ್ಕೆ ತಕ್ಕ ಉದಾಹರಣೆಯಾಗಿದೆ. ಮಲೆನಾಡಿನ ಅಡಿಕೆಯ ತೋಟಗಳಲ್ಲಿ ಮುಂಗಾರು ಮಳೆಯು ಬಿಡದೆ ಹೊಯ್ಯುವ ಕಾಲದಲ್ಲಿ ಎಳೆಯ ಕಾಯಿಗಳು ನೀರುಂಡಂತೆ ಕಪ್ಪುಗೂಡಿ, ಹೊಳಪುಗೆಟ್ಟು, ಬಿಳಿಯ ಬೂಷ್ಟನ್ನು ಹೊದ್ದು ಉದುರುವುವು. ನೋಡಿದವರು ತಾವು ಕಂಡದ್ದನ್ನೇ ಹೆಸರಾಗಿ ಮಾಡಿದರು. ಕೊಳೆಯುವುದು ಲಕ್ಷಣ, ಆ ಲಕ್ಷಣವೇ ನಾಮವಾಯಿತು. ಇಷ್ಟರಲ್ಲಿ ದೋಷವೇನೂ ಇಲ್ಲ. ಲಕ್ಷಣವನ್ನು ಹೇಳುವ ಪದವನ್ನು ಕಾರಣವನ್ನು ಹೇಳುವ ಪದವೆಂದು ಓದಿದಾಗಲೇ ದೋಷವು ಹುಟ್ಟುವುದು.

ಈ ಪದದ ಚರಿತ್ರೆಯು ಸ್ವಾರಸ್ಯವಾದುದು. ಕಾಫಿಯ ತೋಟಗಳಲ್ಲಿಯೂ ಮಳೆಗಾಲದಲ್ಲಿ ಎಲೆಗಳು ಕಪ್ಪಾಗಿ ಕೊಳೆತು, ಬಿದ್ದುಹೋಗದೆ, ಜೇಡನ ಬಲೆಯಂತಹ ಎಳೆಗಳಿಂದ ರೆಂಬೆಗೆ ತೂಗಿಕೊಂಡಿರುವ ಒಂದು ರೋಗವುಂಟು. ಅದಕ್ಕೂ ಜನರು ಕೊಳೆರೋಗವೆಂದೇ ಹೆಸರಿಟ್ಟಿದ್ದರು. ೧೮೭೬ರಲ್ಲಿ ಕುಕ್ ಎಂಬ ಆಂಗ್ಲ ವಿದ್ವಾಂಸರು ಆ ಎಲೆಗಳ ಮೇಲಿನ ಶಿಲೀಂಧ್ರವನ್ನು ವರ್ಣಿಸುತ್ತ ಕನ್ನಡದ ಪದವನ್ನೇ ಲ್ಯಾಟಿನ್ ನಾಮದೊಳಗೆ ಸೇರಿಸಿ “ಪೆಲಿಕ್ಯುಲೇರಿಯ ಕೊಳೆರೋಗ” ಎಂದು ಕರೆದರು. ೧೯೫೮ರಲ್ಲಿ ಡಾಂಕ್ ಎಂಬವರು “ಕೊಳೆರೋಗ”ವೆಂಬುದನ್ನು ಒಂದು ಕುಲದ ಹೆಸರನ್ನಾಗಿಯೂ ಮಾಡಿದರು. ಈ ಮಧ್ಯೆ ೧೯೧೦ರಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಶಿಲೀಂಧ್ರಶಾಸ್ತ್ರಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಅದರ ಶೀರ್ಷಿಕೆಯಲ್ಲಿಯೂ ಈ ಪದವನ್ನೇ ಇರಿಸಿದರು. ರೋಗಕಾರಕವಾದ ಜೀವಿಯನ್ನು ಅವರು “ಫೈಟಾಫ್ತೊರಾ ಆಮ್ನಿವೊರಾ” ಎಂಬುದರ “ಅರೆಕೇ” ಎಂಬ ಭೇದವೆಂದು ನಿರ್ಣಯಿಸಿದರು. ೧೯೧೩ರಲ್ಲಿ ಪೆಥಿಬ್ರಿಡ್ಜ್ ಎಂಬವರು ಅದನ್ನೇ ಸ್ವತಂತ್ರವಾದ ಪ್ರಭೇದವೆಂದು ಎಣಿಸಿದರು.

ನಾಡಿನ ಮಾತೊಂದು ಹೀಗೆ ಲೋಕದ ಶಾಸ್ತ್ರಗ್ರಂಥಗಳಲ್ಲಿ ನೆಲೆಗೊಂಡುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಸಂತೋಷದಲ್ಲಿ ಒಂದು ಪ್ರಶ್ನೆಯು ಮರೆಯಾಗಬಾರದು. ಹೆಸರು ಒಂದೇ ಆದುದರಿಂದ ರೋಗವೂ ಒಂದೆಯೆ? ಅಲ್ಲ. ಕಾಫಿಯ ಕೊಳೆರೋಗವನ್ನುಂಟುಮಾಡುವುದು ಅಣಬೆಗಳ ಬಳಗಕ್ಕೆ ಸೇರಿದ ನಿಜವಾದ ಶಿಲೀಂಧ್ರ. ಅಡಿಕೆಯದನ್ನು ಉಂಟುಮಾಡುವುದಾದರೋ ನೀರಿನಲ್ಲಿ ಈಜುವ ಬೀಜಾಣುಗಳುಳ್ಳ, ಅಣಬೆಗಳಿಗಿಂತ ಕಂದುಬಣ್ಣದ ಪಾಚಿಗಳಿಗೆ ಹತ್ತಿರದ ನಂಟುಳ್ಳ ಬೇರೊಂದು ವರ್ಗದ ಜೀವಿ. ಇನ್ನೊಂದು ಕಡೆ, ಅಡಿಕೆಯ ಮರದ ಸುಳಿಯು ಕೊಳೆತು ಮರವೇ ಸಾಯುವ “ಸುಳಿಕೊಳೆ”ಯನ್ನು ಬೇರೆ ರೋಗವೆಂದು ಎಣಿಸುವ ರೂಢಿಯಿದ್ದರೂ ಕಾಯಿಯನ್ನು ಕೊಳೆಯಿಸುವ ಜೀವಿಯೇ ಅದಕ್ಕೂ ಕಾರಣವಾಗುವುದು. ಒಂದೆಡೆ ಹೆಸರು ಒಂದು, ಕಾರಣ ಎರಡು. ಇನ್ನೊಂದೆಡೆ ಹೆಸರು ಎರಡು, ಕಾರಣ ಒಂದು. ಪದದಿಂದ ಪದಾರ್ಥಕ್ಕೆ ಹೋಗುವ ದಾರಿಯು ಇಲ್ಲಿ ನೇರವಾಗಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ. ಆ ದಾರಿಯನ್ನು ತೋರುವುದು ಪ್ರಯೋಗಶಾಲೆಯ ಕ್ರಮ. ಆ ಕ್ರಮವು ಯಾವ ಬಗೆಯ ಪ್ರಮಾಣ, ಅದರ ಬಲವೆಷ್ಟು, ಎಲ್ಲೆ ಯಾವುದು ಎಂಬುದು ಇಲ್ಲಿ ವಿಮರ್ಶೆಯ ವಿಷಯ.

೨

ಆಯುರ್ವೇದದ ನಿದಾನಗ್ರಂಥಗಳಲ್ಲಿ ರೋಗವನ್ನು ತಿಳಿಯುವ ಉಪಾಯಗಳು ಐದೆಂದು ಪ್ರಸಿದ್ಧವಾಗಿವೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂದರೆ ಚಿಕಿತ್ಸೆಯು ಹಿಡಿಯಿತೆ ಹಿಡಿಯಲಿಲ್ಲವೆ ಎಂಬುದರಿಂದ ರೋಗವನ್ನು ಊಹಿಸುವುದು. ಅಡಿಕೆಯ ವಿಷಯದಲ್ಲಿ ಈ ಉಪಶಯವನ್ನೇ ನೆಚ್ಚಿದವರು ಹಲವರು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ಮಿಲಾರ್ಡೆ ಎಂಬವರು ೧೮೮೫ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವನ್ನು ಕೋಲ್ಮನ್ನರು ಮೈಸೂರಿನ ತೋಟಗಳಲ್ಲಿ ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಸುಣ್ಣವನ್ನೂ ಕೂಡಿಸಿ ಮಳೆಗೆ ಮುಂಚೆ ಹೊಡೆಯುವ ಕ್ರಮವು ಇಂದಿಗೂ ನಡೆದಿದೆ. ಔಷಧವು ಹಿಡಿಯಿತು, ಆದಕಾರಣ ರೋಗದ ಕಾರಣವೂ ತಿಳಿಯಿತು ಎಂಬುದು ಈ ಪಕ್ಷದವರ ವಾದ.

ಈ ಹೇತುವು ಅನೈಕಾಂತಿಕ. ಅದೇ ಮಿಶ್ರಣವು ಕಾಫಿಯ ಕೊಳೆರೋಗಕ್ಕೂ ಹಿಡಿಯುತ್ತದೆ. ದ್ರಾಕ್ಷಿಯ ರೋಗಕ್ಕೂ ಹಿಡಿದಿತ್ತು. ತಾಮ್ರದ ವಿಷವು ಅನೇಕ ಸೂಕ್ಷ್ಮಜೀವಿಗಳಿಗೆ ಸಮಾನವಾದುದರಿಂದ ಅದು ಫಲಿಸಿತೆಂಬ ಮಾತ್ರದಿಂದ ಇಂತಹ ಜೀವಿಯೇ ಕಾರಣವೆಂದು ಸಿದ್ಧಿಸದು. ಆದರೆ ಔಷಧವು ಫಲಿಸಿದ ಮೇಲೆ ಕಾರಣವನ್ನು ಇಷ್ಟು ಸೂಕ್ಷ್ಮವಾಗಿ ಬಗೆಯುವುದೇಕೆ ಎಂದು ಕೇಳಬಹುದು. ಉತ್ತರವಿದು. ತಾಮ್ರವು ಎಲ್ಲಕ್ಕೂ ಸಮಾನವಾದರೂ ಈಚಿನ ಔಷಧಗಳು ಹಾಗಲ್ಲ. ೧೯೭೦ರ ದಶಕದಲ್ಲಿ ಕಂಡುಹಿಡಿದ ಮೆಟಲಾಕ್ಸಿಲ್ ಫೈಟಾಫ್ತೊರಾದ ವರ್ಗದ ಮೇಲೆ ಕೆಲಸ ಮಾಡುವುದು, ಅಣಬೆಯ ಬಳಗದ ಮೇಲೆ ಮಾಡದು. ನಿಜವಾದ ಶಿಲೀಂಧ್ರಗಳು ಹಲವನ್ನು ಅಡಗಿಸುವ ಕಾರ್ಬೆಂಡಜಿಮ್ ಫೈಟಾಫ್ತೊರಾಕ್ಕೆ ತಗಲದು. ಎರಡರ ಡಬ್ಬಿಯ ಮೇಲೆಯೂ “ಶಿಲೀಂಧ್ರನಾಶಕ”ವೆಂಬ ಪದವೊಂದೇ. ಪದವನ್ನು ನಂಬಿ ಔಷಧವನ್ನು ಆರಿಸಿದವನು ಮಳೆಯ ನಡುವೆ ಮರವೇರಿಸಿದ ಆಳಿನ ಶ್ರಮವನ್ನೂ ಹಣವನ್ನೂ ಕಳೆದುಕೊಂಡು ಕಾಯಿ ಉದುರುವುದನ್ನು ನೋಡುತ್ತ ನಿಲ್ಲಬೇಕಾಗುವುದು. ಕಾರಣವಿಚಾರವು ಹೀಗೆ ವ್ಯವಹಾರಕ್ಕೇ ಬೇಕಾದುದು.

೩

ಕಣ್ಣಿಗೆ ಕಂಡುದಷ್ಟರಿಂದಲೂ ಕಾರಣವು ಸಿದ್ಧಿಸದೆಂಬುದನ್ನು ಐರ್ಲೆಂಡಿನ ಆಲೂಗೆಡ್ಡೆಯ ವೃತ್ತಾಂತವು ಚೆನ್ನಾಗಿ ತಿಳಿಸುವುದು. ೧೮೪೫ರಲ್ಲಿ ಆ ದೇಶದ ಬೆಳೆಯು ಕೊಳೆತು ಘೋರವಾದ ಕ್ಷಾಮವು ತೊಡಗಿತು. ರೋಗದ ಎಲೆಗಳ ಮೇಲೆ ಬೂಷ್ಟು ಇದ್ದುದನ್ನು ಹಲವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಬೂಷ್ಟೇ ಕಾರಣವೆಂದು ಬರ್ಕ್ಲಿಯವರು ೧೮೪೬ರಲ್ಲಿ ಬರೆದರು. ಶೀತವೂ ಮಳೆಯೂ ಹೆಚ್ಚಾಗಿ ಗಿಡವು ನೀರನ್ನು ಮಿತಿಮೀರಿ ಕುಡಿದುದೇ ಕಾರಣ, ಬೂಷ್ಟು ಕೊಳೆತ ಮೇಲೆ ಬಂದುದು ಎಂಬುದು ಲಿಂಡ್ಲಿಯವರ ಪಕ್ಷ. ಎರಡು ಪಕ್ಷದವರ ಕಣ್ಣಿಗೂ ಬಿದ್ದುದು ಒಂದೇ ಎಲೆ, ಒಂದೇ ಬೂಷ್ಟು. ಸಾಹಚರ್ಯವು ಉಭಯಸಮ್ಮತ, ಪೂರ್ವಾಪರದಲ್ಲಿ ಮಾತ್ರ ವಿವಾದ. ಪ್ರತ್ಯಕ್ಷವು ಇಬ್ಬರಿಗೂ ಸಮಾನವಾಗಿದ್ದು ನಿರ್ಣಯವು ಬೇರೆಯಾದಾಗ ಆ ಪ್ರತ್ಯಕ್ಷವು ನಿರ್ಣಾಯಕವಲ್ಲವೆಂದೇ ತಿಳಿಯಬೇಕು.

ವಿವಾದವನ್ನು ಮುಗಿಸಿದವರು ಜರ್ಮನಿಯ ಡಿ ಬಾರಿ. ಅವರು ೧೮೬೧ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಆರೋಗ್ಯವಾದ ಗಿಡಗಳಿಗೆ ಆ ಬೂಷ್ಟಿನ ಬೀಜಾಣುಗಳನ್ನು ತಾವೇ ಸೋಂಕಿಸಿದರು. ಬೀಜಾಣುಗಳನ್ನು ಹಾಕದ ಗಿಡಗಳನ್ನೂ ಹೋಲಿಕೆಗೆ ಇಟ್ಟುಕೊಂಡರು. ಸೋಂಕಿಸಿದವುಗಳಲ್ಲಿ ರೋಗವು ಬಂದಿತು, ಉಳಿದವುಗಳಲ್ಲಿ ಬರಲಿಲ್ಲ. ಆ ಜೀವಿಗೆ ೧೮೭೬ರಲ್ಲಿ ಅವರಿಟ್ಟ ಕುಲನಾಮವೇ ಫೈಟಾಫ್ತೊರಾ, ಎಂದರೆ ಸಸ್ಯಧ್ವಂಸಕ. ಮೂವತ್ತನಾಲ್ಕು ವರ್ಷಗಳ ತರುವಾಯ ಮೈಸೂರಿನ ಅಡಿಕೆಯ ರೋಗವೂ ಇದೇ ಕುಲದೊಳಗೆ ಬಂದುದರಿಂದ ಐರ್ಲೆಂಡಿನ ಈ ವಿವಾದವು ಮಲೆನಾಡಿಗೂ ಸಂಬಂಧಿಸಿದುದೇ ಆಗಿದೆ.

೪

ಡಿ ಬಾರಿಯವರ ಕ್ರಮವೂ, ೧೮೮೪ರಲ್ಲಿ ಕ್ಷಯರೋಗದ ವಿಷಯವಾಗಿ ಕಾಖ್ ಅವರು ವಿಶದಪಡಿಸಿದ ಕ್ರಮವೂ ಕೂಡಿ ಪ್ರಯೋಗಶಾಲೆಯ ನಾಲ್ಕು ಹೆಜ್ಜೆಗಳಾಗಿ ಇಂದು ನೆಲೆಗೊಂಡಿವೆ. ರೋಗವಿರುವಲ್ಲೆಲ್ಲ ಆ ಜೀವಿಯಿರಬೇಕು. ಅದನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಬೇಕು. ಹಾಗೆ ಬೆಳೆದುದನ್ನು ಆರೋಗ್ಯವಾದ ಗಿಡಕ್ಕೆ ಸೋಂಕಿಸಿದರೆ ಅದೇ ರೋಗವು ಬರಬೇಕು. ಆ ಗಿಡದಿಂದ ಮರಳಿ ಅದೇ ಜೀವಿಯು ದೊರೆಯಬೇಕು. ಕಡೆಯದು ಸಸ್ಯರೋಗಶಾಸ್ತ್ರಜ್ಞರು ಆಮೇಲೆ ಕೂಡಿಸಿದುದು. ಇವನ್ನು ಬರಿಯ ವಿಧಿಗಳೆಂದು ಬಾಯಿಪಾಠ ಮಾಡಿಸುವುದುಂಟು. ತರ್ಕಶಾಸ್ತ್ರವನ್ನು ಬಲ್ಲವರು ನೋಡಿದರೆ ಒಂದೊಂದು ಹೆಜ್ಜೆಯೂ ಒಂದೊಂದು ದೋಷದ ಪರಿಹಾರವೆಂದು ಕಾಣುವುದು.

ಕಾರಣವೆನ್ನಿಸಿಕೊಳ್ಳುವುದು ಕಾರ್ಯಕ್ಕೆ ಮುಂಚೆ ತಪ್ಪದೆ ಇರಬೇಕು, ಅನ್ಯಥಾಸಿದ್ಧವೂ ಆಗಿರಬಾರದೆಂಬುದು ನೈಯಾಯಿಕರ ಮತ. ಮಡಕೆಗೆ ಮಣ್ಣನ್ನು ಹೊತ್ತುತಂದ ಕತ್ತೆಯು ಮಡಕೆಗೆ ಮುಂಚೆ ಇದ್ದರೂ ಅದರ ಕಾರಣವಲ್ಲ. ಕೊಳೆತ ಅಡಿಕೆಯ ಕಾಯಿಯಲ್ಲಿಯೂ ಇಂತಹ ಕತ್ತೆಗಳು ಬಹಳ. ಸಿಪ್ಪೆಯ ಮೇಲೆ ಗಾಳಿಯಿಂದ ಬಿದ್ದ ಬೀಜಾಣುಗಳು, ಕೊಳೆತ ಮೇಲೆ ಉಣಬಂದ ಬೇರೆ ಬೂಷ್ಟುಗಳು, ಬ್ಯಾಕ್ಟೀರಿಯಗಳು, ಎಲ್ಲವೂ ಅಲ್ಲಿ ಕೂಡಿರುವುವು. ಆದುದರಿಂದಲೇ ಪ್ರಯೋಗಕಾರನು ಕೊಳೆತ ನಡುಭಾಗವನ್ನು ಬಿಟ್ಟು, ಕೊಳೆಯು ಆರೋಗ್ಯವಾದ ಭಾಗವನ್ನು ಮುಟ್ಟುತ್ತಿರುವ ಅಂಚಿನಿಂದ ಚೂರನ್ನು ಕತ್ತರಿಸುವನು. ರೋಗಕ್ಕೆ ಮುಂಗಡೆಯಲ್ಲಿರುವುದು ಅಲ್ಲಿಯೇ ಸಿಕ್ಕಬೇಕು. ಹಿಂದೆ ಬಂದವು ನಡುವಿನಲ್ಲಿರುವುವು. ಪೂರ್ವವೃತ್ತಿಯನ್ನು ಕಾಲದಲ್ಲಿ ನೋಡಲಾಗದ ಕಾರಣ ಅದನ್ನು ದೇಶದಲ್ಲಿ ಹುಡುಕುವ ಜಾಣ್ಮೆಯಿದು. ಬಳಿಕ ಚೂರನ್ನು ಹಿಂದಿನವರು ರಸಕರ್ಪೂರದ ತೆಳುವಾದ ನೀರಿನಲ್ಲಿ, ಈಗಿನವರು ಸೋಡಿಯಂ ಹೈಪೊಕ್ಲೋರೈಟಿನಲ್ಲಿ, ಸ್ವಲ್ಪ ಹೊತ್ತು ಅದ್ದಿ, ಕ್ರಿಮಿಗಳಿಲ್ಲದ ನೀರಿನಲ್ಲಿ ತೊಳೆಯುವರು. ಹೊರಗೆ ಅಂಟಿದವು ಸತ್ತು ಒಳಗಿನದು ಉಳಿಯುವುದು.

ಚೂರನ್ನು ಇಡುವ ಹಾಸು ಅಗಾರೆಂಬ ಕಡಲಪಾಚಿಯ ಗಟ್ಟಿರಸ. ಇದು ಅಡಿಗೆಮನೆಯಿಂದ ಪ್ರಯೋಗಶಾಲೆಗೆ ಬಂದ ವಸ್ತು. ಕಾಖ್ ಅವರ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಹೆಸ್ಸೆಯವರಿಗೆ ೧೮೮೧ರಲ್ಲಿ ಇದನ್ನು ಸೂಚಿಸಿದವರು ಅವರ ಪತ್ನಿ ಫ್ಯಾನಿ ಹೆಸ್ಸೆ. ಮುಚ್ಚಳದ ಗಾಜಿನ ಬಟ್ಟಲನ್ನು ೧೮೮೭ರಲ್ಲಿ ಪೆಟ್ರಿಯವರು ತಂದರು. ಅಗಾರಿಗೆ ಆಲೂಗೆಡ್ಡೆಯ ಕಷಾಯವನ್ನು ಬೆರೆಸುವುದು ಸಾಮಾನ್ಯ ಪದ್ಧತಿ. ಫೈಟಾಫ್ತೊರಾಕ್ಕೆ ಗಜ್ಜರಿಯ ಅಥವಾ ಓಟ್ ಧಾನ್ಯದ ಕಷಾಯವನ್ನು ಬೆರೆಸುವರು. ಅಲ್ಪಪ್ರಮಾಣದಲ್ಲಿ ಪಿಮರಿಸಿನ್ ಎಂಬ ಮದ್ದನ್ನು ಕೂಡಿಸಿದರೆ ನಿಜವಾದ ಶಿಲೀಂಧ್ರಗಳು ಏಳವು, ಫೈಟಾಫ್ತೊರಾ ಏಳುವುದು. ಮಣ್ಣಿನಿಂದ ಅದನ್ನು ಹಿಡಿಯಬೇಕಾದಾಗ ನೀರು ಬೆರೆಸಿದ ಮಣ್ಣಿನ ಮೇಲೆ ಆರೋಗ್ಯವಾದ ಕಾಯಿಯನ್ನೋ ಎಲೆಯ ಚೂರನ್ನೋ ತೇಲಬಿಟ್ಟು, ಮೀನಿಗೆ ಎರೆಯೊಡ್ಡುವಂತೆ ಕಾಯುವರು. ಈಜುವ ಬೀಜಾಣುಗಳು ತಾವೇ ಬಂದು ಅದನ್ನು ಹೊಗುವುವು. ಕಡೆಗೆ ಒಂದೇ ಬೀಜಾಣುವಿನಿಂದ ಅಥವಾ ಒಂದೇ ಎಳೆಯ ತುದಿಯಿಂದ ಹೊಸ ಬೆಳೆಯನ್ನು ಎಬ್ಬಿಸುವರು. ಬೆಳೆದುದು ಒಂದೇ ಎಂಬ ನಿಶ್ಚಯವಿಲ್ಲದೆ ಮುಂದಿನ ಅನುಮಾನಕ್ಕೆ ಪಕ್ಷವೇ ದೊರೆಯದು.

ಸೋಂಕಿಸುವ ಹೆಜ್ಜೆಯಲ್ಲಿ ಅನ್ವಯವೂ ವ್ಯತಿರೇಕವೂ ಒಟ್ಟಿಗೆ ಬರಬೇಕು. ಜೀವಿಯನ್ನಿಟ್ಟ ಕಾಯಿಯು ಕೊಳೆಯುವುದು ಅನ್ವಯ. ಅದೇ ಮರದ, ಅದೇ ವಯಸ್ಸಿನ, ಅದೇ ಬಗೆಯಲ್ಲಿ ಚುಚ್ಚಿ, ಜೀವಿಯಿಲ್ಲದ ಬರಿಯ ಅಗಾರನ್ನಿಟ್ಟ ಕಾಯಿಯು ಕೊಳೆಯದಿರುವುದು ವ್ಯತಿರೇಕ. ಎರಡನೆಯದಿಲ್ಲದಿದ್ದರೆ ಚುಚ್ಚಿದ ಗಾಯವೇ ಕಾರಣವಾಗಿರಬಹುದೆಂಬ ಶಂಕೆಯು ನಿಲ್ಲುವುದು. ಮರಳಿ ಬೇರ್ಪಡಿಸುವ ನಾಲ್ಕನೆಯ ಹೆಜ್ಜೆಯು, ಪ್ರಯೋಗದ ನಡುವೆ ಬೇರೊಂದು ಜೀವಿಯು ನುಗ್ಗಿ ಕೆಲಸ ಮಾಡಿತೋ ಏನೋ ಎಂಬ ಕಡೆಯ ಶಂಕೆಯನ್ನು ಕಳೆಯುವುದು.

೫

ಇಷ್ಟಾದರೂ ರೈತನ ಆಕ್ಷೇಪವೊಂದು ಉಳಿಯುವುದು. ಮಳೆಯು ಕಡಮೆಯಾದ ವರ್ಷ ರೋಗವಿಲ್ಲ. ಮಳೆಯು ಹಿಡಿದ ವರ್ಷ ರೋಗವುಂಟು. ಹೀಗಿರಲು ಮಳೆಯೇ ಕಾರಣವೆಂದರೆ ತಪ್ಪೇನು? ಈ ಆಕ್ಷೇಪವನ್ನು ಅಜ್ಞಾನವೆಂದು ತಳ್ಳಿಹಾಕುವ ಬರಹಗಾರರು ತಾವೇ ಎಡವುವರು. ತರ್ಕದ ಪ್ರಥಮ ಗ್ರಂಥಗಳಲ್ಲಿಯೇ ಇದಕ್ಕೆ ಸಮಾಧಾನವಿದೆ. ಹೊಗೆಯಿಂದ ಬೆಂಕಿಯನ್ನು ಅನುಮಿಸಬಹುದು. ಬೆಂಕಿಯಿಂದ ಹೊಗೆಯನ್ನು ಅನುಮಿಸಲಾಗದು. ಏಕೆಂದರೆ ಹೊಗೆಗೆ ಬೆಂಕಿಯ ಜೊತೆಗೆ ಹಸಿಯ ಸೌದೆಯೂ ಬೇಕು. ಆ ಹಸಿಯ ಸೌದೆಯ ಸಂಬಂಧವೇ ಉಪಾಧಿ. ಕೊಳೆರೋಗದಲ್ಲಿಯೂ ಹೀಗೆಯೇ. ಅಡಿಕೆಯಲ್ಲಿ ಈ ರೋಗವನ್ನು ಕಂಡರೆ ಆ ಜೀವಿಯು ಇದೆಯೆಂದು ಅನುಮಿಸಬಹುದು. ಜೀವಿಯು ತೋಟದಲ್ಲಿದೆಯೆಂದು ರೋಗವು ಬಂದೇಬರುವುದೆಂದು ಅನುಮಿಸಲಾಗದು. ಅದರ ಬೀಜಾಣುಚೀಲಗಳು ತಣ್ಣನೆಯ ನೀರು ತಗಲಿದಾಗ ಒಡೆದು, ಎರಡು ಬಾಲಗಳುಳ್ಳ ಈಜುಬೀಜಾಣುಗಳನ್ನು ಹೊರಬಿಡುವುವು. ಅವು ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ನೆಲೆಗೊಂಡು ಒಳಗೆ ಮೊಳೆಯುವುವು. ಒದ್ದೆಯಿಲ್ಲದೆ ಈ ನಡೆಯಿಲ್ಲ. ಶಾಸ್ತ್ರದ ದೃಷ್ಟಾಂತದಲ್ಲಿ ಸೌದೆಯ ಹಸಿಯು ಉಪಾಧಿಯಾದಂತೆ ತೋಟದಲ್ಲಿ ಮಳೆಯ ಒದ್ದೆಯು ಉಪಾಧಿಯಾಗುವುದು. ಜೀವಿಯು ಮುಖ್ಯಕಾರಣ, ಮಳೆಯು ಸಹಕಾರಿಕಾರಣ. ಒಂದರ ಸಿದ್ಧಿಯಿಂದ ಇನ್ನೊಂದರ ಬಾಧೆಯಿಲ್ಲ.

ಅಡಿಕೆಯ ಕೊನೆಗೆ ಮಳೆ ತಗಲದಂತೆ ಕೊಟ್ಟೆ ಕಟ್ಟುವ ಮಲೆನಾಡಿನ ಹಳೆಯ ರೂಢಿಯು ಇದರಿಂದ ಸಾರ್ಥಕವೆಂದು ತಿಳಿಯುವುದು. ಕಟ್ಟಿದವರು ಜೀವಿಯನ್ನು ಕಂಡವರಲ್ಲ. ಆದರೆ ಉಪಾಧಿಯನ್ನು ಬಲ್ಲವರು. ಉಪಾಧಿಯನ್ನು ತೆಗೆದರೆ ಕಾರ್ಯವು ತಪ್ಪುವುದು. ಔಷಧವು ಬೆಂಕಿಯನ್ನು ಆರಿಸುವುದಾದರೆ ಕೊಟ್ಟೆಯು ಸೌದೆಯನ್ನು ಒಣಗಿಸಿಡುವುದು.

೬

ಇನ್ನು ಈ ಕ್ರಮದ ಎಲ್ಲೆಗಳನ್ನು ಹೇಳಬೇಕು. ಎಲ್ಲೆಯನ್ನು ಹೇಳದ ಪ್ರಮಾಣವು ಅತಿಪ್ರಸಂಗಕ್ಕೆ ಎಡೆಗೊಡುವುದು. ಮೊದಲನೆಯದಾಗಿ, ಎಲ್ಲ ರೋಗಜೀವಿಗಳೂ ಅಗಾರಿನ ಮೇಲೆ ಬೆಳೆಯುವುವೆಂಬ ನಿಯಮವಿಲ್ಲ. ಕಾಫಿಯ ತುಕ್ಕುರೋಗದ ಶಿಲೀಂಧ್ರವು ಬದುಕಿರುವ ಎಲೆಯನ್ನು ಬಿಟ್ಟು ಬೆಳೆಯದು. ೧೮೮೦ರಿಂದ ೧೮೮೨ರವರೆಗೆ ಸಿಂಹಳದಲ್ಲಿ ಅದನ್ನು ಪರೀಕ್ಷಿಸಿದ ಮಾರ್ಷಲ್ ವಾರ್ಡ್ ಅವರು ಬದುಕಿರುವ ಎಲೆಗಳ ಮೇಲೆಯೇ ಬೀಜಾಣುಗಳನ್ನು ಬಿತ್ತಿ ನಿರ್ಣಯಕ್ಕೆ ಬಂದರು. ಇಲ್ಲಿ ಎರಡನೆಯ ಹೆಜ್ಜೆಯು ಅಕ್ಷರಶಃ ಸಲ್ಲದಾದರೂ ಅದರ ತಾತ್ಪರ್ಯವು ಸಂದಿದೆ.

ಎರಡನೆಯದಾಗಿ, ಕಿತ್ತು ತಂದ ಕಾಯಿಯು ಮರದಲ್ಲಿರುವ ಕಾಯಿಯಲ್ಲ. ಪ್ರಯೋಗಶಾಲೆಯ ಡಬ್ಬಿಯಲ್ಲಿ ಕಿತ್ತ ಕಾಯಿಯನ್ನು ಕೊಳೆಯಿಸಿದ ಜೀವಿಯೆಲ್ಲವೂ ತೋಟದಲ್ಲಿ ರೋಗವನ್ನು ತರುವುದೆಂದು ಹೇಳಿದರೆ ವ್ಯಾಪ್ತಿಯು ಸಿದ್ಧಿಸಿಲ್ಲದೆಡೆ ಅನುಮಾನವನ್ನು ಹೂಡಿದಂತಾಗುವುದು. ಮರದಲ್ಲಿಯೇ ಇರುವ ಕೊನೆಯ ಮೇಲಿನ ಪರೀಕ್ಷೆಯು ಬೇಕು. ಮೂರನೆಯದಾಗಿ, ಈಚೆಗೆ ಡಿ.ಎನ್.ಎ.ಯ ಅಕ್ಷರಗಳನ್ನು ಓದಿ ಜೀವಿಯನ್ನು ಗುರುತಿಸುವ ಕ್ರಮವು ಬಂದಿದೆ. ಅದರ ಉಪಕಾರವು ದೊಡ್ಡದು. ಕೋಲ್ಮನ್ನರ “ಅರೆಕೇ”ಯು ಫೈಟಾಫ್ತೊರಾ ಪಾಮಿವೊರಾ ಎಂಬುದಕ್ಕಿಂತ ಬೇರಲ್ಲವೆಂಬ ಮತವು ಇಂತಹ ಪರೀಕ್ಷೆಗಳಿಂದ ಬಲಗೊಂಡಿತು. ಮೀಡೈ ಎಂಬ ಇನ್ನೊಂದು ಪ್ರಭೇದವೂ ಕರ್ನಾಟಕದ ತೋಟಗಳಲ್ಲಿ ಕೊಳೆರೋಗವನ್ನು ತರುವುದೆಂದು ತಿಳಿದುಬಂದಿತು. ಆದರೆ ಈ ಕ್ರಮವು ಸತ್ತ ಜೀವಿಯ ಅವಶೇಷವನ್ನೂ ಕಂಡುಹಿಡಿಯಬಲ್ಲುದು. ಅದು “ಇದೆ” ಎನ್ನಬಲ್ಲುದು, “ಇದು ಯಾವುದು” ಎನ್ನಬಲ್ಲುದು. “ಇದರಿಂದ ಆಯಿತು” ಎನ್ನಲಾರದು. ಆ ಕಡೆಯ ಮಾತಿಗೆ ಇಂದಿಗೂ ಸೋಂಕಿಸುವ ಪರೀಕ್ಷೆಯೇ ಶರಣು.

೭

ಈ ವಿಚಾರವು ಭಾಷೆಯನ್ನು ಕಲಿಸುವವರಿಗೂ ಸಂಬಂಧಿಸಿದುದು. ವೃಕ್ಷಾಯುರ್ವೇದದಲ್ಲಿ ಇದೆಲ್ಲವೂ ಮೊದಲೇ ಇತ್ತೆನ್ನುವ ಅಭಿಮಾನದ ಮಾತು ಕನ್ನಡದಲ್ಲಿ ಕೇಳಿಬರುವುದುಂಟು. ವರಾಹಮಿಹಿರನು ಶೀತ, ಗಾಳಿ, ಬಿಸಿಲುಗಳಿಂದ ಮರಗಳಿಗೆ ರೋಗವೆಂದನು. ಸುರಪಾಲನು ವಾತ, ಪಿತ್ತ, ಕಫಗಳನ್ನು ಹೇಳಿದನು. ಅವರು ಸಹಕಾರಿಕಾರಣಗಳನ್ನೂ ರೂಪವನ್ನೂ ಚೆನ್ನಾಗಿ ನೋಡಿದವರು. ಅವರು ಹೇಳದುದನ್ನು ಅವರ ಬಾಯಲ್ಲಿ ಇರಿಸುವುದು ಗೌರವವಲ್ಲ. ಪ್ರಾಚೀನರಿಂದ ಇಲ್ಲಿ ನಿಜವಾಗಿ ಪಡೆಯಬೇಕಾದುದು ಹೇತುವನ್ನು ಪರೀಕ್ಷಿಸುವ ನ್ಯಾಯ; ಬೂಷ್ಟಿನ ಶಾಸ್ತ್ರವಲ್ಲ.

ಪರಿಭಾಷೆಯಲ್ಲಿಯೂ ಎಚ್ಚರವು ಬೇಕು. ಶಿಲೀಂಧ್ರವೆಂಬುದು ಸೊಗಸಾದ ಹಳೆಯ ಪದ. ಮೇಘದೂತದಲ್ಲಿ ಗುಡುಗಿನೊಡನೆ ನೆಲದಿಂದೇಳುವುದು ಅದೇ. ಅಣಬೆಯ ಬಳಗಕ್ಕೆ ಆ ಪದವು ಒಪ್ಪುವುದು. ಫೈಟಾಫ್ತೊರಾಕ್ಕೂ ಅದನ್ನೇ ಹೇಳುವ ರೂಢಿಯನ್ನು ಒಮ್ಮೆಲೆ ಕೀಳಲಾಗದಿದ್ದರೂ, ಪಾಠಪುಸ್ತಕವು ಒಮ್ಮೆಯಾದರೂ ಇದು ರೂಢಿಯಿಂದ ಬಂದ ಮಾತು, ಯೋಗಾರ್ಥದಿಂದಲ್ಲ ಎಂದು ತಿಳಿಸಬೇಕು.

ಇದಕ್ಕಿಂತ ಮುಖ್ಯವಾದುದು ಕ್ರಿಯಾಪದಗಳ ವಿವೇಕ. “ರೋಗದ ಕಾಯಿಯಲ್ಲಿ ಕಂಡಿತು”, “ಕಾಯಿಯಿಂದ ಬೇರ್ಪಡಿಸಲಾಯಿತು”, “ಕಾರಣವೆಂದು ಸಿದ್ಧವಾಯಿತು” ಎಂಬ ಮೂರು ವಾಕ್ಯಗಳ ನಡುವಣ ಅಂತರವು ಬಹಳ ದೊಡ್ಡದು. ಐರ್ಲೆಂಡಿನಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಹೋಗಲು ಹದಿನಾರು ವರ್ಷಗಳು ಬೇಕಾದುವು. ಕನ್ನಡದ ಕೃಷಿಗ್ರಂಥಗಳಲ್ಲಿ ಮೂರನ್ನೂ ಒಂದೇ ಅರ್ಥದಲ್ಲಿ ಬಳಸುವ ಅಭ್ಯಾಸವು ಬೆಳೆದರೆ ಓದುವವನಿಗೆ ಸಿದ್ಧಾಂತವು ಸಿಕ್ಕುವುದು, ಅದನ್ನು ಅಳೆಯುವ ಕೋಲು ಸಿಕ್ಕದು. ನಾಳೆ ಬೇರೊಬ್ಬರು ಬೇರೊಂದು ಔಷಧವನ್ನು ಹೊಗಳಿದಾಗ ಅದನ್ನೂ ಅಷ್ಟೇ ಸುಲಭವಾಗಿ ನಂಬುವನು. ಕೊಳೆರೋಗವೆಂಬ ಪದವನ್ನು ಕನ್ನಡವು ಲೋಕದ ಶಾಸ್ತ್ರಕ್ಕೆ ಕೊಟ್ಟಿದೆ. ಆ ಶಾಸ್ತ್ರದಿಂದ ಈ ಮೂರು ಕ್ರಿಯಾಪದಗಳ ಭೇದವನ್ನು ಬದಲಿಗೆ ಪಡೆದು ತರಗತಿಯಲ್ಲಿ ಕಲಿಸಿದರೆ ಆ ಕೊಡುಕೊಳೆಯು ಪೂರ್ಣವಾದೀತು.